ತಾಟು ಎತ್ತಿದಾಗ ಸಿಕ್ಕ ವಿಭವ

ಗದಗದ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ದ್ವಿತೀಯ ಪಿಯುಸಿಯಲ್ಲಿ ಮೊದಲ ಪಾಠವೇ ಚಾರ್ಜ್ ಮತ್ತು ವಿದ್ಯುತ್ ಕ್ಷೇತ್ರ. ಅದು ಬರೋದು ಸರಿಯಾಗಿ ಮುಂಗಾರು ಹಿಡಿಯೋ ಹೊತ್ತಿಗೆ. ಎಷ್ಟೋ ವರ್ಷ ಪ್ಲಾಸ್ಟಿಕ್ ಸ್ಟ್ರಾ ತಿಕ್ಕಿ ತಿಕ್ಕಿ ಕೈ ನೋಯಿಸಿಕೊಂಡಿದ್ದೇನೆ. ಕಾಗದದ ಚೂರು ಮಾತ್ರ ಮೇಜು ಬಿಟ್ಟು ಏಳುತ್ತಿರಲಿಲ್ಲ. "ಎದ್ದಾವ ಅಂತ ತಿಳ್ಕೊಳ್ರಿ" ಎಂದು ಹೇಳಿ ಸುಮ್ನೆ ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ಕಾರಣ ಪುಸ್ತಕದಲ್ಲಿ ಓದಿದ್ದೆ. ಆದರೆ ನನ್ನನ್ನು ಎಚ್ಚರಿಸಿದ್ದು ಬೆಟಗೇರಿಯ ನೇಕಾರರ ಮನೆಯ ಹುಡುಗ. "ಸರ, ಹವಾ ಒಣಗಿದ್ರ ನಮ್ಮ ಮಗ್ಗದಾಗ ಎಳಿ ಎದ್ದು ನಿಂದರ್ತಾವ, ಭಾಳ ಹರೀತಾವ. ಅಪ್ಪ ನೆಲಕ್ಕ ನೀರ ಹೊಡದ ಮ್ಯಾಲ ತೆಪ್ಪಗ ಕುಂದರ್ತಾವ." ನಾನು ಮಾಡುತ್ತಿದ್ದ ತಪ್ಪು ಅದೇ ಅಲ್ವಾ? ತೇವದ ಗಾಳಿಯಲ್ಲಿ ಎಲ್ಲದರ ಮೇಲೂ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಚಾರ್ಜ್ ಅದರ ಮೇಲೆ ಹರಿದು ಜಾರಿಹೋಗುತ್ತದೆ. ಪಾಠ ಜೂನ್‌ನಲ್ಲೇ ಮುಗಿಸಿದೆ, ಪ್ರಯೋಗ ಮಾತ್ರ ಡಿಸೆಂಬರಿಗೆ ಇಟ್ಟೆ. ಆಗ ನಮ್ಮ ಕಡೆ ತುಟಿ ಒಡೆಯುವಷ್ಟು ಒಣ ಗಾಳಿ.

ಸ್ಟ್ರಾ ಪ್ರಯೋಗ ಐದು ನಿಮಿಷದಲ್ಲಿ ಮುಗಿಯಿತು. ಒಂದನ್ನು ತಿಕ್ಕಿ ದಾರದಲ್ಲಿ ತೂಗುಬಿಟ್ಟು, ಇನ್ನೊಂದನ್ನೂ ತಿಕ್ಕಿ ಹತ್ತಿರ ತಂದರೆ ಮೊದಲನೆಯದು ಮುಖ ತಿರುಗಿಸುತ್ತದೆ. ಅಂತರ ಅರ್ಧ ಮಾಡಿದರೆ ಬಲ ನಾಲ್ಕು ಪಟ್ಟು ಎಂದು ಫ್ರೆಂಚ್ ವಿಜ್ಞಾನಿ ಕೂಲಂಬ್ 1785ರಲ್ಲಿ ತಿರುಚು ತಕ್ಕಡಿಯಿಂದ, ಅಂದರೆ ತಂತಿ ಎಷ್ಟು ತಿರುಚಿತು ಎಂದು ನೋಡಿ ಬಲ ಅಳೆಯುವ ಸಾಧನದಿಂದ, ತೋರಿಸಿದ. ನಾನೂ ಅಳೆಯಲು ಹೋದೆ. ಚಾರ್ಜ್ ಸೋರುತ್ತಲೇ ಇರುತ್ತದೆ, ಲೆಕ್ಕ ಒಂದು ಸಲವೂ ಕೂಡಲಿಲ್ಲ. ಬಿಟ್ಟುಬಿಟ್ಟೆ.

ಚಾರ್ಜ್ ಅಳೆಯುವ ಮಾನಕ್ಕೂ ಕೂಲಂಬ್ ಎಂದೇ ಹೆಸರು. ಒಂದು ಮೀಟರ್ ದೂರದ ಎರಡು ಒಂದೊಂದು ಕೂಲಂಬ್ ಚಾರ್ಜ್ ನಡುವಿನ ಬಲ 900 ಕೋಟಿ ನ್ಯೂಟನ್, ಅಂದರೆ ಸುಮಾರು 9 ಲಕ್ಷ ಟನ್ ಭಾರ ಎಂದು ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಡುಗಿ ಕೈ ಎತ್ತಿದಳು. "ಒಂದು ಆಂಪಿಯರ್ ಅಂದ್ರ ಸೆಕೆಂಡಿಗೆ ಒಂದು ಕೂಲಂಬ್ ಅಲ್ರಿ ಸರ? ಹಂಗಾದ್ರ ವೈರ್ ಯಾಕ ಹರದು ಹೋಗಂಗಿಲ್ರಿ?" ವರ್ಷದ ಬೆಸ್ಟ್ ಪ್ರಶ್ನೆ. ವೈರಿನಲ್ಲಿ ಎಲೆಕ್ಟ್ರಾನ್ ಎಷ್ಟಿವೆಯೋ ಅಷ್ಟೇ ಧನ ಚಾರ್ಜ್ ತಾಮ್ರದ ಪರಮಾಣುಗಳಲ್ಲಿ ಇರುತ್ತದೆ. ಒಟ್ಟು ಲೆಕ್ಕ ಸೊನ್ನೆ. ನಾವು ಸ್ಟ್ರಾ ತಿಕ್ಕಿ ಬೇರೆ ಮಾಡೋದು ಕೂಲಂಬಿನ ಕೋಟಿಯಲ್ಲೊಂದು ಪಾಲಿನ ಆಸುಪಾಸು, ಅಷ್ಟೇ.

ನನಗೇ ಸರಿಯಾಗಿ ತಿಳಿಯದೆ ಉಳಿದಿದ್ದು ವಿಭವ, ಅಂದರೆ ಪೊಟೆನ್ಶಿಯಲ್. ಒಂದು ಕೂಲಂಬ್ ಚಾರ್ಜನ್ನು ಒಂದು ಜಾಗಕ್ಕೆ ತರಲು ಎಷ್ಟು ಕೆಲಸ ಬೇಕು ಅನ್ನೋ ಲೆಕ್ಕ ಅದು, ವೋಲ್ಟಿನಲ್ಲಿ ಅಳೆಯೋದು. ಸೂತ್ರ ಬಾಯಿಪಾಠ ಇತ್ತು. ಚಾರ್ಜ್ ಜಾಸ್ತಿ ಇದ್ದಲ್ಲಿ ವಿಭವ ಜಾಸ್ತಿ ಎಂದು ಮನಸ್ಸಿನಲ್ಲೇ ಎರಡನ್ನೂ ಕಲಸಿಕೊಂಡಿದ್ದೆ. ಅದನ್ನು ಬಿಡಿಸಿದ್ದು ಎಲೆಕ್ಟ್ರೊಫೋರಸ್. ಒಮ್ಮೆ ತಿಕ್ಕಿದ ಹಲಗೆಯಿಂದ ಮತ್ತೆ ಮತ್ತೆ ಚಾರ್ಜ್ ಪಡೆಯಲು 1775ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಆ ಹೆಸರಿಟ್ಟು ಪ್ರಚಾರಕ್ಕೆ ತಂದ ಸರಳ ಸಾಧನ.

ಅಡುಗೆಮನೆಯ ಹಳೆಯ ಅಲ್ಯೂಮಿನಿಯಂ ತಾಟು ತಂದೆ. ನಡುವೆ ಎಂ-ಸೀಲ್ ಮೆತ್ತಿ ಗೇಣುದ್ದದ ಪಿವಿಸಿ ಪೈಪು ನಿಲ್ಲಿಸಿದೆ. ಅದೇ ಹಿಡಿಕೆ. ಕೆಳಗೆ ಥರ್ಮಾಕೋಲ್ ಹಲಗೆ. ಅದನ್ನು ತಿಕ್ಕಲು ಕುರಿ ಉಣ್ಣೆಯ ಕಂಬಳಿ. ಇದಕ್ಕಿಂತ ಒಳ್ಳೆಯದು ಯಾವ ಲ್ಯಾಬಿನಲ್ಲೂ ನನಗೆ ಸಿಕ್ಕಿಲ್ಲ. ಚೆನ್ನಾಗಿ ತಿಕ್ಕಿದ ಹಲಗೆಯ ಸಮೀಪ ಮುಂಗೈ ಒಯ್ದರೆ, ಮುಟ್ಟುವ ಮೊದಲೇ ಕೂದಲು ಎದ್ದು ನಿಲ್ಲುತ್ತವೆ. ಕ್ಷೇತ್ರ ಎಂದರೇನು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಕಂಬಳಿಯಿಂದ ಥರ್ಮಾಕೋಲ್ ಋಣ ಚಾರ್ಜ್ ಪಡೆಯುತ್ತದೆ. ತಾಟನ್ನು ಅದರ ಮೇಲಿಟ್ಟು ಬೆರಳಿನಿಂದ ಮುಟ್ಟಿದರೆ ಚಟ್ ಅನ್ನುತ್ತದೆ. ತಾಟಿನ ಎಲೆಕ್ಟ್ರಾನ್‌ಗಳು ಕೈಗೆ ಓಡಿಹೋದವು. ಈಗ ತಾಟಿನಲ್ಲಿ ಧನ ಚಾರ್ಜ್ ಇದೆ, ಆದರೆ ನನ್ನ ಮೈ ಮೂಲಕ ನೆಲಕ್ಕೆ ಸೇರಿದ್ದರಿಂದ ವಿಭವ ಸೊನ್ನೆ. ಟೆಸ್ಟರ್ ಹಿಡಿದೆ, ಏನೂ ಇಲ್ಲ. ಪೈಪು ಹಿಡಿದು ತಾಟು ಎತ್ತಿ ಮತ್ತೆ ಟೆಸ್ಟರ್ ಮುಟ್ಟಿಸಿದೆ. ನಿಯಾನ್ ದೀಪ ಫಕ್ಕನೆ ಹೊಳೆದು ಆರಿತು. ನಡುವೆ ಯಾರೂ ಚಾರ್ಜ್ ಸೇರಿಸಿಲ್ಲ. ನಾನು ಮಾಡಿದ್ದು ಎತ್ತಿದ್ದಷ್ಟೇ. ಋಣ ಚಾರ್ಜ್ ಕೆಳಕ್ಕೆ ಜಗ್ಗುತ್ತಿರುವಾಗ ಧನ ಚಾರ್ಜನ್ನು ದೂರ ಎಳೆಯಲು ನನ್ನ ಕೈ ಕೆಲಸ ಮಾಡಿತು. ಬಾವಿಯಿಂದ ಕೊಡ ಸೇದಿದ ಹಾಗೆ. ನೀರು ಅಷ್ಟೇ, ದಣಿವು ಹಗ್ಗ ಎಳೆದವನದು.

ತಾಟನ್ನು ಮತ್ತೆ ಇಟ್ಟು, ಮುಟ್ಟಿ, ಎತ್ತಿದರೆ ಮತ್ತೆ ಕಿಡಿ. ಹಲಗೆಯನ್ನು ಮತ್ತೆ ತಿಕ್ಕಬೇಕಿಲ್ಲ. ಒಂದು ಕಿಡಿ 3 ಮಿ.ಮೀ. ಇತ್ತು. ಗಾಳಿಯಲ್ಲಿ ಕಿಡಿ ಹಾರಲು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಬೇಕು. ಹಾಗಾದರೆ 9,000 ವೋಲ್ಟ್ ಹತ್ತಿರ. ಹುಡುಗರು ಬೆಂಚು ಹಿಂದಕ್ಕೆ ಸರಿಸಿದರು. ಅದರ ಶಕ್ತಿ ಅರ್ಧ ಮಿಲಿಜೂಲ್ ಕೂಡ ಇಲ್ಲ, ಗೋಡೆಯ 230 ವೋಲ್ಟಿಗೇ ಹೆದರಬೇಕು ಎಂದೆ. ಅರ್ಧ ಜನ ನಂಬಿದರು.

ಬೆಟಗೇರಿ ಹುಡುಗ ಮಾತ್ರ ಮನೆಯಿಂದ ತಂದ ಹತ್ತಿ ಎಳೆಗಳನ್ನು ತಾಟಿನ ಅಂಚಿಗೆ ಸೆಲ್ಲೋ ಟೇಪಿನಿಂದ ಅಂಟಿಸಿ, ಹಲಗೆಯ ಮೇಲಿಟ್ಟು ಬೆರಳು ಮುಟ್ಟಿಸಿದ. ಎಳೆಗಳು ಜೋತು ಬಿದ್ದಿದ್ದವು. ಮೆಲ್ಲಗೆ ತಾಟು ಎತ್ತಿದ, ಒಂದೊಂದಾಗಿ ಹೊರಕ್ಕೆ ಸಿಡಿದು ನಿಂತವು. ಇಳಿಸಿದ, ಮಡಚಿಕೊಂಡವು. ಗಂಟೆ ಹೊಡೆದ ಮೇಲೂ ಎತ್ತುತ್ತ, ಇಳಿಸುತ್ತ ಅಲ್ಲೇ ನಿಂತಿದ್ದ.