ರಿಸ್ಕ್ ಆಟದಲ್ಲಿ ಎಷ್ಟು ಪಡೆ ಕಳುಹಿಸಬೇಕು: ನನ್ನ ಅರ್ಧದ ಲೆಕ್ಕ

ದಾಳ ಎಸೆದು ಪ್ರಪಂಚದ ನಕ್ಷೆಯ ಪ್ರದೇಶಗಳನ್ನು ಗೆಲ್ಲುವ ರಿಸ್ಕ್ ಎಂಬ ಬೋರ್ಡ್ ಆಟದಲ್ಲಿ ಎದುರಾಳಿಗಿಂತ ಎರಡರಷ್ಟು ಪಡೆ ಕೈಯಲ್ಲಿಲ್ಲದೆ ದಾಳಿಗೆ ಇಳಿಯಬಾರದೆಂಬ ರೂಢಿಯನ್ನು ಬಿಟ್ಟು ಬೇರೆ ಲೆಕ್ಕ ಹಿಡಿದಾಗ ನಮ್ಮ ಗುಂಪಿನವರು ನಕ್ಕಿದ್ದರು. ಈಚಿನ ಸುಮಾರು ಇಪ್ಪತ್ತು ಆಟಗಳಲ್ಲಿ ಹನ್ನೆರಡನ್ನೋ ಹದಿಮೂರನ್ನೋ ಗೆದ್ದ ಮೇಲೆ, ನಕ್ಕವರೇ ಈಗ ಆ ಲೆಕ್ಕ ಕೇಳುತ್ತಿದ್ದಾರೆ.

ಪ್ರವೇಶ ಶುಲ್ಕ ಕಟ್ಟಿ ಆಡಿದ ಎರಡು ಪಂದ್ಯಾವಳಿಗಳಲ್ಲಿ ನಾನು ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದೆ. ಎರಡನೆಯದರಲ್ಲಿ, ಆಟದ ನಕ್ಷೆಯಲ್ಲಿ ಆಸ್ಟ್ರೇಲಿಯಾ ಖಂಡಕ್ಕೆ ಸೇರಿದ ಇಂಡೋನೇಷ್ಯಾದಲ್ಲಿ ಮೂರು, ಉಳಿದ ಮೂರು ಪ್ರದೇಶಗಳಲ್ಲಿ ಒಂದೊಂದು, ಒಟ್ಟು ಆರೇ ಪಡೆಗಳಿದ್ದುದರಿಂದ ಪಕ್ಕದ ಸಯಾಮ್‌ನಲ್ಲಿ ಒಂಬತ್ತನ್ನಿಟ್ಟುಕೊಂಡು ಧೈರ್ಯವಾಗಿ ನುಗ್ಗಿದೆ. ನನ್ನವು ಇಂಡೋನೇಷ್ಯಾದಲ್ಲಿ ಮೂರು, ನ್ಯೂಗಿನಿಯಲ್ಲಿ ಒಂದು ಹೋದವು. ಅಲ್ಲಿಂದ ಮುಂದೆ, ದಾಳಿಗಿಳಿಯುವ ಪಡೆಗೊಂದರಂತೆ, ಎಸೆಯಲು ಎರಡೇ ದಾಳ ಉಳಿದು, ಅವೂ ಸೋತು, ಕೊನೆಗೆ ನ್ಯೂಗಿನಿಯಲ್ಲಿ ಒಂಟಿ ಪಡೆ ನಿಂತಿತು. ಗರ ಸರಿಯಾಗಿ ಬೀಳುತ್ತಿಲ್ಲವೆಂದು ದಾಳಗಳನ್ನೇ ಶಂಕಿಸಿ, ದುಬಾರಿ ಲೋಹದ ದಾಳಗಳಿಗೆ ಹಣ ಸುರಿದದ್ದು ಇನ್ನೊಂದು ಮೂರ್ಖತನ. ಗೆದ್ದ ದಾರಿಯಲ್ಲಿ ಒಂದೊಂದಾಗಿ ಬಿಟ್ಟುಬರಬೇಕಾದ ಪಡೆಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಹೊಸ ದಾಳಗಳಿಂದಲೇ, ದಾಳಿಕಾರನ ಮೂರು ದಾಳಕ್ಕೆ ರಕ್ಷಕನ ಎರಡರಂತೆ, ಐನೂರು ಬಾರಿ ಎಸೆದು ನೋಡಿದೆ: ಬಿದ್ದ ಸಾವಿರ ಪಡೆಗಳಲ್ಲಿ ದಾಳಿಕಾರನವು ಹೆಚ್ಚುಕಡಿಮೆ 460, ರಕ್ಷಕನವು 540. ಸಮ ಬಿದ್ದರೆ ರಕ್ಷಕನಿಗೇ ಗೆಲುವಾದರೂ ಮೂರು ದಾಳ ಇರುವವರೆಗೆ ದಾಳಿಕಾರನದೇ ಮೇಲುಗೈ. ಒಂದಕ್ಕೊಂದು ಎಸೆದಾಗ ಅವನ ಗೆಲುವು ನೂರಕ್ಕೆ 42ರ ಆಸುಪಾಸಿಗೆ ಇಳಿಯುತ್ತದೆ.

ಆಮೇಲೆ ಕೂಡಿ ಕಳೆದಾಗ, ಹಿಂದೆ ಬಿಡುವ ಪಡೆಯೂ ಸೇರಿ, ಒಂಟಿ ಪಡೆಯ ಪ್ರದೇಶಕ್ಕೆ ಸರಾಸರಿ ಒಂದೂವರೆ, ಎರಡರದಕ್ಕೆ ಎರಡೂವರೆ, ಮೂರರದಕ್ಕೆ ಮೂರೂಕಾಲಿಗೆ ತುಸು ಹೆಚ್ಚು ವೆಚ್ಚವಾಗುತ್ತದೆಂದು ತಿಳಿಯಿತು. ಆದ್ದರಿಂದ ಪ್ರತಿ ಪ್ರದೇಶಕ್ಕೂ ಅಲ್ಲಿರುವ ಪಡೆಗಳ ಸಂಖ್ಯೆಯ ಮೇಲೆ ಅರ್ಧ ಪಡೆ (ಮೂರಿದ್ದರೆ ಮೂರೂವರೆ) ಸೇರಿಸುತ್ತೇನೆ. ಹೊರಡುವ ಜಾಗದಲ್ಲಿ ಬಿಡಬೇಕಾದ ಒಂದನ್ನೂ, ಕೊನೆಯವರೆಗೆ ಮೂರು ದಾಳ ಕೈಯಲ್ಲಿರುವಂತೆ ಮೂರು ಮೀಸಲನ್ನೂ ಕೂಡಿಸುತ್ತೇನೆ. ಹತ್ತು ಪಡೆಗಳ ದೊಡ್ಡ ಗುಂಪಿನ ಮೇಲೆ ಹೋದರೆ ಈ ಲೆಕ್ಕ ಒಂದಷ್ಟು ಹೆಚ್ಚಾಗಿಯೇ ತೋರಿಸುತ್ತದೆ, ಅದರಿಂದ ನಷ್ಟವೇನಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ, ಗಡಿಯ ಒಳಗಿನ ಪ್ರದೇಶಗಳಲ್ಲಿ ಎರಡೆರಡನ್ನಿಟ್ಟು ಕಾಯುವ ಪ್ರಯೋಗವನ್ನೂ ಮಾಡಿದೆ. ನುಗ್ಗುವವನ ವೆಚ್ಚ ಏರಿತಾದರೂ ನನ್ನ ಕೈಯಲ್ಲಿ ದಾಳಿಗೆ ಪಡೆಯೇ ಉಳಿಯದೆ ಮೂರು ಆಟ ಸೋತು ಕೈಬಿಟ್ಟೆ. ಮೀಸಲನ್ನು ಮುಟ್ಟುವುದು ಒಂದೇ ಸಂದರ್ಭದಲ್ಲಿ: ಒಬ್ಬನನ್ನು ಪೂರ್ತಿ ಮುಗಿಸಿ ಹೊಸ ಪಡೆಗೆ ಬದಲಾಯಿಸಿಕೊಳ್ಳುವ ಅವನ ಕಾರ್ಡುಗಳನ್ನು ಪಡೆಯುವಂತಿದ್ದರೆ. ಎಷ್ಟು ಕಾರ್ಡುಗಳಿಗೆ ಎಷ್ಟು ಮೀಸಲು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇದನ್ನು ಓದುವವರಲ್ಲಿ ಕೆಲವರು ನನ್ನ ಎದುರು ಕೂರುವವರೇ.

ಹೋದ ತಿಂಗಳು ಅದೇ ಆಸ್ಟ್ರೇಲಿಯಾ ಅದೇ ಬಗೆಯಲ್ಲಿ ಎದುರಾಯಿತು. ಇಂಡೋನೇಷ್ಯಾಕ್ಕೆ ಮೂರೂವರೆ, ಉಳಿದ ಮೂರಕ್ಕೆ ತಲಾ ಒಂದೂವರೆ, ಸಯಾಮ್‌ಗೆ ಒಂದು, ಮೀಸಲು ಮೂರು: ಹನ್ನೆರಡು ತುಂಬುವವರೆಗೆ ಎರಡು ಸರದಿ ಕಾದೆ. ಕಾರ್ಡು ಕೊಟ್ಟು ಪಡೆ ತೆಗೆದುಕೊಂಡು ತಕ್ಷಣ ನುಗ್ಗೆಂದು ಪಕ್ಕದವರು ಚುಚ್ಚುತ್ತಲೇ ಇದ್ದರು. ಕೊನೆಗೆ ಹೊರಟಾಗ ನಾಲ್ಕೂ ಪ್ರದೇಶಗಳು ಒಂದೇ ಸರದಿಯಲ್ಲಿ ಬಂದವು, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇನ್ನೂ ನಾಲ್ಕು ಪಡೆಗಳಿದ್ದವು.