ನಿಧಾನವಾಗಿ ಎಳೀರಿ ಅಂದಿದ್ದು ನಾನೇ

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬರು ತಿಂಗಳಿಗೊಮ್ಮೆ ದಮ್ಮಿನ ಔಷಧಿಗೆ ಬರುತ್ತಾರೆ. ಮೊದಲು, ಒತ್ತಿದರೆ ಔಷಧಿ ಚಿಮ್ಮುವ ಪಂಪ್ ಬಳಸುತ್ತಿದ್ದರು. ಡಾಕ್ಟರು ಅದನ್ನು ಬಿಡಿಸಿ ರೋಟಾಹೇಲರ್ ಬರೆದುಕೊಟ್ಟರು. ಪುಡಿ ಇರುವ ಕ್ಯಾಪ್ಸೂಲ್ ಹಾಕಿ ಎಳೆಯುವುದು. ಎರಡೇ ವಾರಕ್ಕೆ ವಾಪಸ್ ಬಂದರು.

"ಅಣ್ಣಾ, ಇದು ಬರೀ ಸಿಹಿ ಪುಡಿ. ದಮ್ಮು ಇಳೀತಾನೇ ಇಲ್ಲ."

ಎಳೆದು ತೋರಿಸಿ ಅಂದೆ. ಎಳನೀರು ಕುಡಿಯುವ ಹಾಗೆ ಮೆಲ್ಲಗೆ ಎಳೆದರು. ಬಿಚ್ಚಿ ನೋಡಿದರೆ ಪುಡಿ ಒಳಗೇ ಕೂತಿದೆ. ಹೀಗೆ ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದೆ.

"ನೀವೇ ಅಲ್ವಾ?"

ಹೌದು. ಪಂಪಿನ ಪಾಠವನ್ನೇ ಇದಕ್ಕೂ ಒಪ್ಪಿಸಿದ್ದೆ. ಪಂಪಿನಲ್ಲಿ ಔಷಧಿಯನ್ನು ಗ್ಯಾಸ್ ತಳ್ಳುತ್ತದೆ, ನಿಧಾನ ಉಸಿರು ಸಾಕು. ರೋಟಾಹೇಲರಿನಲ್ಲಿ ನಮ್ಮ ಉಸಿರು ಬಿಟ್ಟರೆ ತಳ್ಳುವುದು ಏನೂ ಇಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯಲು ಔಷಧಿಯ ಕಣ 1ರಿಂದ 5 ಮೈಕ್ರಾನ್ ಇರಬೇಕು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅಷ್ಟು ನುಣ್ಣನೆ ಪುಡಿ ಸುಮ್ನೆ ಉದುರಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ದಪ್ಪ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಣಗಳ ಜೊತೆ ಬೆರೆಸಿರುತ್ತಾರೆ. ಅವರು ಸಿಹಿ ಅಂದಿದ್ದು ಇದನ್ನೇ. ಜೋರಾಗಿ ಎಳೆದಾಗಲೇ ಔಷಧಿ ಅದರಿಂದ ಬಿಡಿಸಿಕೊಳ್ಳುವುದು. ಇಲ್ಲದಿದ್ದರೆ ಬಾಯಿ, ಗಂಟಲಲ್ಲೇ ಉಳಿಯುತ್ತದೆ. "ಗಾಳಿ ಇಲ್ಲದಾಗ ರಾಗಿ ತೂರ್ತೀರಾ?" ಅಂದೆ. ಥಟ್ಟನೆ ಅರ್ಥವಾಯಿತು.

ಈಗ ಯಾರೇ ಬಂದರೂ ಮೊದಲು ಖಾಲಿ ರೋಟಾಹೇಲರಿನಲ್ಲಿ ಅಭ್ಯಾಸ ಮಾಡಿಸುತ್ತೇನೆ. ಉಸಿರನ್ನು ಆಚೆ ತಿರುಗಿ ಬಿಡಬೇಕು. ಒಳಗೆ ಊದಿದರೆ ಪಸೆ ತಗುಲಿ ಪುಡಿ ಗಂಟು ಕಟ್ಟುತ್ತದೆ. ತುಟಿ ಬಿಗಿ ಹಿಡಿದು, ಶುರುವಿನಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. 10 ಸೆಕೆಂಡ್ ಉಸಿರು ಕಟ್ಟಬೇಕು. ಆಮೇಲೆ ಬಿಚ್ಚಿ ನೋಡುವುದು, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯುವುದು. ಔಷಧಿಯಲ್ಲಿ ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ (ಫಂಗಸ್ ಸೋಂಕು) ಬರಬಹುದು.

ಇನ್ನೊಂದು ಎಡವಟ್ಟು ಮಾತಿನ ಮಧ್ಯೆ ಹೊರಬಿತ್ತು. ಕ್ಯಾಪ್ಸೂಲ್ ಡಬ್ಬಿಯನ್ನು ಗೂಡು ಬೇಯಿಸುವ ಒಲೆ ಪಕ್ಕ ಇಡುತ್ತಿದ್ದರಂತೆ, ಮುಚ್ಚಳ ಸಡಿಲ ಬಿಟ್ಟು. ಇಡೀ ದಿನ ಹಬೆ! ಬೀರುವಿಗೆ ಸೇರಿಸಿ ಅಂದೆ.

ಅವರ ತಾಯಿಗೂ ದಮ್ಮು. ಎಷ್ಟು ಅಭ್ಯಾಸ ಮಾಡಿಸಿದರೂ ಅಜ್ಜಿಗೆ ಜೋರಾಗಿ ಎಳೆಯಲು ಆಗಲಿಲ್ಲ. ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ. ಸ್ಪೇಸರ್, ಅಂದರೆ ಔಷಧಿ ಹಿಡಿದಿಡುವ ಕೊಳವೆ, ಹಾಕಿದ ಪಂಪ್ ಬರೆದರು. ಅವರಿಗೆ ಮಾತ್ರ ಈಗಲೂ ನನ್ನ ಹಳೇ ಪಾಠವೇ: "ನಿಧಾನವಾಗಿ ಎಳೀರಿ ಅಜ್ಜಿ."