ಹಳೆ ದಾರಿಯೋ, ಹಾಳೆ ದಾರಿಯೋ: ಎಂಟು ವರ್ಷದ ಮೇಲೆ ನಮ್ಮ ಬ್ಯಾಂಡ್ ಮಾಡಿದ ಆಲ್ಬಂ

ಸೌಂಡ್ ಯಾಕೆ ಬದಲಾಯಿಸಿದ್ರಿ ಅಂತ ಕೇಳುವವರಿಗೆ ನಾನು ಮೊದಮೊದಲು ದೊಡ್ಡ ಉತ್ತರ ಕೊಡುತ್ತಿದ್ದೆ. ಬೇರು, ಮಣ್ಣು, ಹುಡುಕಾಟ ಅಂತೆಲ್ಲ. ಈಗ ನಿಜ ಹೇಳುತ್ತೇನೆ. ನಮ್ಮ ಹಾಡುಗಾರನಿಗೆ ಆಸಿಡಿಟಿ ಜಾಸ್ತಿಯಾಗಿತ್ತು. ಮೈಕಿಗೆ ತಂಡಿ ಹಿಡಿದಿತ್ತು. ಅಡಿಕೆ ರೇಟು ಏರಿತ್ತು. ಇಷ್ಟೇ.

ನಾವು ನಾಲ್ಕು ಜನ ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಸೇರಿದವರು. ನಾನು ಗಿಟಾರ್. ಸುಗಮ ಸಂಗೀತದ ಊರು ಇದು. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಶಿವಮೊಗ್ಗ ಸುಬ್ಬಣ್ಣನವರಂಥ ಗಾಯಕರನ್ನು ಕೇಳಿ ಬೆಳೆದ ಮನೆಗಳ ನಡುವೆ ನಾವು ಕಪ್ಪು ಟೀಶರ್ಟ್ ಹಾಕಿ ಕಿರುಚುತ್ತಿದ್ದೆವು. 2011ರ ಅಕ್ಟೋಬರ್ 30ಕ್ಕೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾಲ್ಕೂ ಜನ ರಾತ್ರಿ ರೈಲು ಹತ್ತಿದ್ದೆವು. ವಾಪಸ್ ಬಂದು ಮೂರು ಹಾಡಿನ ಸಿ.ಡಿ. ಮಾಡಿದೆವು. 2014ರಲ್ಲಿ ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ, ಇನ್ನೊಬ್ಬನಿಗೆ ಮದುವೆ. ಜಗಳ ಆಗಲಿಲ್ಲ. ಫೋನ್ ಮಾಡುವುದು ನಿಂತಿತು, ಬ್ಯಾಂಡೂ ನಿಂತಿತು.

2022ರಲ್ಲಿ ಮತ್ತೆ ಸೇರಿದೆವು. ಮೊದಲ ದಿನವೇ ಹಳೆ ಹಾಡು ನುಡಿಸಿ ನೋಡಿದೆವು. ಎರಡನೇ ಚರಣಕ್ಕೆ ಹಾಡುಗಾರ ಕೆಮ್ಮಲು ಶುರು ಮಾಡಿದ. ಡಾಕ್ಟರು ಅವನಿಗೆ ಖಾರ, ರಾತ್ರಿ ಊಟ, ಕಿರುಚಾಟ ಮೂರನ್ನೂ ಕಮ್ಮಿ ಮಾಡು ಅಂದಿದ್ದರಂತೆ. ಹೊಟ್ಟೆಯ ಆಮ್ಲ ಗಂಟಲವರೆಗೆ ಏರಿ ಧ್ವನಿ ತಂತುಗಳನ್ನು ಕೆರಳಿಸುತ್ತದೆ. ಅದರ ಮೇಲೆ ಕಿರುಚಿದರೆ ಗಾಯದ ಮೇಲೆ ಬರೆ. "ಖಾರ ಬಿಡೋದು ಕಷ್ಟ ಮಾರಾಯ, ಕಿರುಚೋದು ಬಿಡ್ತೀನಿ" ಅಂದ. ನಮ್ಮ ಸೌಂಡ್ ಬದಲಾವಣೆಯ ಬಗ್ಗೆ ನಡೆದ ಮೀಟಿಂಗ್ ಅದೊಂದೇ.

ಡ್ರಮ್ಸ್‌ನವನು ಮಾತ್ರ ಹೆದರಿದ್ದ. "ಮೆಟಾಲಿಕಾನೇ ಬಿಡಲಿಲ್ಲ ಜನ. ನಮ್ಮನ್ನ ಬಿಡ್ತಾರಾ?" ಅವನು ಹೇಳಿದ್ದು ಸುಳ್ಳಲ್ಲ. 1996ರಲ್ಲಿ ಅವರು ಕೂದಲು ಕತ್ತರಿಸಿಕೊಂಡು, ವೇಗ ಇಳಿಸಿ ಆಲ್ಬಂ ಬಿಟ್ಟಾಗ ಹಳೆ ಅಭಿಮಾನಿಗಳು ಉರಿದುಬಿದ್ದಿದ್ದರು. 2003ರ ಆಲ್ಬಂನಲ್ಲಿ ಸ್ನೇರ್ ಡ್ರಮ್ಮಿನ ಕೆಳಗಿನ ತಂತಿ ಸಡಿಲ ಬಿಟ್ಟು ನುಡಿಸಿದರು, ಗಿಟಾರ್ ಸೋಲೋ ಒಂದೂ ಇಡಲಿಲ್ಲ. ಆ ಸ್ನೇರ್ ತಗಡಿನ ಡಬ್ಬದ ಹಾಗಿದೆ ಅಂತ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ನಾನು ಅವನಿಗೆ ಅಂದೆ, ನಮಗೆ ಉರಿದುಬೀಳುವಷ್ಟು ಅಭಿಮಾನಿಗಳಿದ್ದರೆ ಅದೇ ಪುಣ್ಯ.

ಮೊದಲು ಬೆಂಗಳೂರಿನ ಒಂದು ಸ್ಟುಡಿಯೋಗೆ ಹೋದೆವು. ಗಂಟೆ ಲೆಕ್ಕ. ಎರಡು ದಿನದಲ್ಲಿ ಎರಡು ಹಾಡು ಮುಗಿಯಿತು. ಮನೆಗೆ ಬಂದು ಕೇಳಿದರೆ ಡ್ರಮ್ಮಿನ ಪ್ರತಿ ಹೊಡೆತಕ್ಕೂ ಕಂಪ್ಯೂಟರಿನ ರೆಡಿಮೇಡ್ ಸದ್ದು ಅಂಟಿಸಿದ್ದರು. ಹಾಡುಗಾರನ ಸ್ವರವನ್ನು ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ಮಾಡಿದ್ದರು. ಚೆನ್ನಾಗಿಯೇ ಇತ್ತು. ನಮ್ಮದು ಅನಿಸಲಿಲ್ಲ. ದುಡ್ಡು ಹೋಯಿತು, ಆ ಎರಡು ಹಾಡು ಹಾರ್ಡ್ ಡಿಸ್ಕಿನಲ್ಲೇ ಉಳಿದವು.

ಆಮೇಲೆ ಡ್ರಮ್ಸ್‌ನವನ ಅಜ್ಜಿ ಮನೆ ನೆನಪಾಯಿತು. ತೀರ್ಥಹಳ್ಳಿ ಕಡೆಯ ಒಂಟಿ ಮನೆ, ಸುತ್ತ ಅಡಿಕೆ ತೋಟ. ಪಕ್ಕದ ಮನೆಯವರ ಕಾಟವಿಲ್ಲ, ಯಾಕಂದರೆ ಪಕ್ಕದ ಮನೆಯೇ ಇಲ್ಲ. ನಾಲ್ವರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಜುಲೈನಲ್ಲಿ. ಪುನರ್ವಸು ಮಳೆ. ಮಲೆನಾಡಿನಲ್ಲಿ ಜುಲೈಯಲ್ಲಿ ರೆಕಾರ್ಡಿಂಗ್ ಇಟ್ಟುಕೊಳ್ಳುವವರು ಒಂದೋ ಹುಚ್ಚರು, ಇಲ್ಲ ಬೇರೆ ದಾರಿ ಇಲ್ಲದವರು.

ನಾವು ಆರಿಸಿದ್ದು ಮುಚ್ಚಿಗೆ ಇದ್ದ ಒಳಕೋಣೆ. ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ, ಅದರ ಮೇಲೆ ಹೆಂಚು. ಹೆಂಚಿಗೆ ಹೊಡೆಯುವ ಮಳೆ ಕೆಳಗೆ ಅಷ್ಟಾಗಿ ಕೇಳುತ್ತಿರಲಿಲ್ಲ. ಕಾರಣ ಅಟ್ಟದ ತುಂಬ ಅಡಿಕೆ ಮೂಟೆ. ಸದ್ದು ತಡೆಯಲು ಬೇಕಾದ್ದು ತೂಕ. ಗೋಡೆಗೆ ಅಂಟಿಸುವ ಸ್ಪಂಜು ಕೋಣೆಯೊಳಗಿನ ಪ್ರತಿಧ್ವನಿ ಕಮ್ಮಿ ಮಾಡುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಇದನ್ನು ತಿಳಿಯದೆ ಸ್ಪಂಜಿಗೆ ಸಾವಿರಾರು ರೂಪಾಯಿ ಸುರಿದವರನ್ನು ನೋಡಿದ್ದೇನೆ, ನಾನೂ ಅವರಲ್ಲೊಬ್ಬ. ಒಳಗಿನ ಪ್ರತಿಧ್ವನಿಗೆ ನಾವು ಅಜ್ಜಿಯ ಹತ್ತಿರವಿದ್ದ ಕಂಬಳಿಗಳನ್ನು ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ಬಿಟ್ಟು ನೇತುಹಾಕಿದೆವು. ಗೋಡೆಗೆ ತಾಗಿಸಿದರೆ ಹೀರುವುದು ಕಮ್ಮಿ. ಉಣ್ಣೆ ಚೂಪು ಸದ್ದನ್ನು ಚೆನ್ನಾಗಿ ಹೀರಿತು. ಬೇಸ್ ಗಿಟಾರಿನ ಗುಡುಗುಡು ಮಾತ್ರ ಮೂಲೆಯಲ್ಲಿ ಹಾಗೇ ಉಳಿಯಿತು. ಅದಕ್ಕೆ ಬೇಸನ್ನು ಆಂಪ್ಲಿಫೈಯರ್ ಇಲ್ಲದೆ ನೇರ ವೈರ್ ಹಾಕಿ ತೆಗೆದೆವು.

ಮೂರನೇ ದಿನ ಹಾಡುವ ಮೈಕಿನಲ್ಲಿ ಚಟಪಟ ಸದ್ದು ಶುರುವಾಯಿತು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಅದು ಕಂಡೆನ್ಸರ್ ಮೈಕು. ಒಳಗೆ ತೆಳುವಾದ ಪೊರೆ, ಅದಕ್ಕೆ ವಿದ್ಯುತ್ತು. ತೇವ ಹೊಕ್ಕರೆ ಹೀಗೇ ಸಿಡಿಯುತ್ತದೆ. ಗಾಳಿಯಾಡದ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಸರಿ, ಮಧ್ಯಾಹ್ನಕ್ಕೆ ಮತ್ತೆ ಅದೇ ಪಾಡು. ಕೊನೆಗೆ ಸ್ಟೇಜಿಗೆ ಅಂತ ತಂದಿದ್ದ ಶೂರ್ ಎಸ್‌ಎಂ58 ತೆಗೆದೆವು. ಅದು ಡೈನಾಮಿಕ್ ಮೈಕು, ತಂಡಿಗೆ ಬಗ್ಗುವ ಜಾತಿಯಲ್ಲ. ಆದರೆ ಅದು ದೂರದ ಸಣ್ಣ ಸ್ವರವನ್ನು ಹಿಡಿಯುವುದಿಲ್ಲ. ಹಾಡುಗಾರ ತುಟಿ ತಾಗುವಷ್ಟು ಹತ್ತಿರ ಬರಬೇಕಾಯಿತು. ಹತ್ತಿರ ಬಂದಷ್ಟೂ ಇಂಥ ಮೈಕು ಕೆಳಸ್ವರವನ್ನು ದಪ್ಪ ಮಾಡುತ್ತದೆ. ಕಿವಿಯ ಹತ್ತಿರ ಬಂದು ಗುಟ್ಟು ಹೇಳುವ ಹಾಗಿದೆ ನಮ್ಮ ಆಲ್ಬಂನ ಧ್ವನಿ ಅಂತ ಈಗ ಎಲ್ಲರೂ ಹೊಗಳುತ್ತಾರಲ್ಲ, ಅದರ ಹಿಂದಿರುವುದು ಈ ತಂಡಿ.

ನನ್ನ ಪಾಡು ಬೇರೆ. ಹತ್ತು ವರ್ಷ ನಾನು ನುಡಿಸಿದ್ದು ಬರೀ ಪವರ್ ಕಾರ್ಡು. ಅದರಲ್ಲಿ ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಗಾಂಧಾರ ಇರುವುದಿಲ್ಲ. ಡಿಸ್ಟಾರ್ಷನ್, ಅಂದರೆ ಗಿಟಾರ್ ಸದ್ದನ್ನು ಒಡೆದು ಒರಟು ಮಾಡುವ ಪೆಡಲ್, ಹಾಕಿದಾಗ ಗಾಂಧಾರ ಸೇರಿಸಿದರೆ ಕೆಸರು ಕಲಕಿದ ಹಾಗಾಗುತ್ತದೆ, ಅದಕ್ಕೇ ಬಿಡುತ್ತಾರೆ. ಈಗ ಪೆಡಲ್ ತೆಗೆದಿಟ್ಟೆ. ಅದೇ ಕಾರ್ಡು ನುಡಿಸಿದರೆ ಉಪ್ಪಿಲ್ಲದ ಗಂಜಿ. ಗಾಂಧಾರ ಬೇಕೇ ಬೇಕು. ಹಾಕಿದ ತಕ್ಷಣ ಇನ್ನೊಂದು ಪ್ರಶ್ನೆ, ಸಾಧಾರಣ ಗಾಂಧಾರವೋ ಅಂತರ ಗಾಂಧಾರವೋ? ಒಂದು ಹಾಕಿದರೆ ಹಾಡು ಮಂಕಾಗುತ್ತದೆ, ಇನ್ನೊಂದು ಹಾಕಿದರೆ ಬೆಳಗುತ್ತದೆ. ಹಳೆ ಹಾಡುಗಳನ್ನು ತೆಗೆದು ನೋಡಿದರೆ ಅವು ದುಃಖದ ಹಾಡೋ ಸಿಟ್ಟಿನ ಹಾಡೋ ಅಂತ ನಾವು ಯಾವತ್ತೂ ತೀರ್ಮಾನವೇ ಮಾಡಿರಲಿಲ್ಲ. ತಂತಿಗಳ ಶ್ರುತಿ ಕೆಳಗಿಳಿಸುವ ಡ್ರಾಪ್ ಸಿ ಟ್ಯೂನಿಂಗ್ ಬಿಟ್ಟು ಸಾಮಾನ್ಯ ಟ್ಯೂನಿಂಗಿಗೆ ಬಂದೆ, ದಪ್ಪ ತಂತಿ ತೆಗೆದು ತೆಳು ತಂತಿ ಹಾಕಿದೆ. ನಲವತ್ತರ ಹತ್ತಿರ ಬಂದವನು ಹದಿನೈದರ ಹುಡುಗನ ಹಾಗೆ ಕಾರ್ಡ್ ಪುಸ್ತಕ ಹಿಡಿದು ಕೂತೆ.

ಎಲ್ಲಕ್ಕಿಂತ ಜಾಸ್ತಿ ದಿನ ತಿಂದದ್ದು ಮಾತ್ರ ಕನ್ನಡ. ಮೊದಲು ಕಿರುಚುವಾಗ ಪದ ಎಲ್ಲಿ ಕೂತರೂ ನಡೆಯುತ್ತಿತ್ತು, ಕೇಳುವವರಿಗೆ ಪದ ಕೇಳಿಸಿದರೆ ತಾನೆ. ಈಗ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಒಂದು ಹಾಡಿನಲ್ಲಿ "ಹಳೆ ದಾರಿ" ಅಂತ ಬರುತ್ತದೆ. ಟ್ಯೂನಿನಲ್ಲಿ ಮೊದಲ ಅಕ್ಷರಕ್ಕೆ ಎರಡು ಬೀಟು ಎಳೆತ. ಹಾಡುಗಾರ ಎಳೆದ. ಬಾಗಿಲ ಹತ್ತಿರ ಕೂತು ಕಳಲೆ ಹೆಚ್ಚುತ್ತಿದ್ದ ಅಜ್ಜಿ ಕೇಳಿದರು, "ಎಂತದಾ ಅದು, ಹಾಳೆ ದಾರಿ? ಅಡಿಕೆ ಹಾಳೆ ಬಿದ್ದಿರೋ ದಾರಿಯಾ?"

ನಾವು ನಕ್ಕೆವು. ಆಮೇಲೆ ಒಂದೊಂದೇ ಹಾಡು ತೆಗೆದು ನೋಡಿದರೆ ನಗು ನಿಂತಿತು. ಎಲ್ಲ ಕಡೆ ಇದೇ ಕಥೆ. ನಾವು ಟ್ಯೂನ್ ಕಟ್ಟುತ್ತಿದ್ದದ್ದು ಇಂಗ್ಲಿಷ್ ಹಾಡಿನ ತೂಕದಲ್ಲಿ. ಅಲ್ಲಿ ಒತ್ತು ಬೀಳುವ ಜಾಗದಲ್ಲಿ ಸ್ವರ ಎಳೆಯಬಹುದು. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಪದವೇ ಬೇರೆ ಆಗುತ್ತದೆ. ಹಳೆ ಹಾಳೆಯಾಗುತ್ತದೆ, ಬಡವ ಬಾಡುತ್ತಾನೆ. ಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಲಘು ಗುರು ಅಂತ ಗೀಟು ಎಳೆದದ್ದು ಪರೀಕ್ಷೆಗೆ ಅಂದುಕೊಂಡಿದ್ದೆ. ಈಗ ಅದೇ ಕೆಲಸ ಮತ್ತೆ. ಪ್ರತಿ ಸಾಲಿಗೂ ಮಾತ್ರೆ ಗುರುತು ಹಾಕಿ, ಉದ್ದ ಸ್ವರ ಇದ್ದ ಕಡೆ ಮಾತ್ರ ಎಳೆಯುವಂತೆ ಟ್ಯೂನ್ ಬದಲಾಯಿಸಿದೆವು. ಬದಲಾಯಿಸಲು ಆಗದ ಕಡೆ ಪದ ಬದಲಾಯಿಸಿದೆವು. "ಹಳೆ ದಾರಿ"ಯಲ್ಲಿ ಎಳೆತವನ್ನು "ದಾ"ಗೆ ತಳ್ಳಿದೆವು. ಒಂಬತ್ತು ಹಾಡಿಗೆ ಐದು ದಿನ ಹಿಡಿಯಿತು. ಆ ಐದು ದಿನದಲ್ಲಿ ಟ್ಯೂನ್‌ಗಳ ನಡಿಗೆಯೇ ಬೇರೆಯಾಯಿತು. ರಾಕ್ ಬಿಟ್ಟು ಜಾನಪದಕ್ಕೆ ಹೋಗಿದ್ದಾರೆ ಅಂತ ಯಾರೋ ಬರೆದಿದ್ದರು. ನಾವು ಹೋದದ್ದು ವ್ಯಾಕರಣಕ್ಕೆ.

ಹಾಗಂತ ಜಾನಪದ ಮುಟ್ಟಲೇ ಇಲ್ಲ ಅಂತಲ್ಲ. ಒಂದು ಹಾಡಿಗೆ ಡೊಳ್ಳು ಹಾಕೋಣ ಅಂತ ಸಾಗರದ ಕಡೆಯಿಂದ ಒಬ್ಬರನ್ನು ಕರೆಸಿದೆವು. ಎರಡು ಮುಖಕ್ಕೆ ಎರಡು ಮೈಕು ಇಟ್ಟೆ. ಕೇಳಿದರೆ ಡೊಳ್ಳಿನ ಎದೆಯೇ ಮಾಯ, ಬರೀ ಚರ್ಮದ ಸದ್ದು. ಒಂದು ಮುಖ ಒಳಗೆ ಹೋಗುವಾಗ ಇನ್ನೊಂದು ಹೊರಗೆ ಬರುತ್ತದೆ, ಎರಡೂ ಮೈಕು ಒಂದನ್ನೊಂದು ಕಳೆದುಹಾಕುತ್ತವೆ. ಒಂದು ಮೈಕಿನ ಫೇಸ್, ಅಂದರೆ ಅದು ಹಿಡಿದ ಅಲೆಯ ಏರಿಳಿತ, ಉಲ್ಟಾ ಮಾಡಿದ ಮೇಲೆ ಗುಮ್ಮೆಂದಿತು. ಎಷ್ಟು ಗುಮ್ಮೆಂದಿತು ಅಂದರೆ ನಮ್ಮ ಬೇಸ್ ಗಿಟಾರ್, ಕಿಕ್ ಡ್ರಮ್ ಎರಡನ್ನೂ ನುಂಗಿತು. ಬೇಸ್‌ನವನು ಮುಖ ಸಣ್ಣ ಮಾಡಿದ. ಡೊಳ್ಳಿನ ಸದ್ದು ಇಳಿಸಿದರೆ ಅದು ಡೊಳ್ಳೇ ಅಲ್ಲ. ಸುಮ್ನೆ ಊರಿನ ವಾಸನೆ ಬರಲಿ ಅಂತ ಅದನ್ನು ಮೂಲೆಯಲ್ಲಿ ಕೂರಿಸುವುದು ನನಗೆ ಸರಿ ಕಾಣಲಿಲ್ಲ. ಬಂದವರಿಗೆ ಹೇಳಿದ ಸಂಭಾವನೆ ಕೊಟ್ಟು, ಊಟ ಮಾಡಿಸಿ, ಆ ಟ್ರ್ಯಾಕ್ ಬಿಟ್ಟೆವು.

ಉಳಿದದ್ದು ಅಂಟಿಗೆ ಪಂಟಿಗೆ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುತ್ತಾರಲ್ಲ, ಅದು. ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ನಮ್ಮ ಕಷ್ಟ ಏನೆಂದರೆ ಹಾಡುಗಾರನಿಗೆ ಈಗ ದಮ್ಮು ಸಾಲುತ್ತಿರಲಿಲ್ಲ. ಒಂದು ಸಾಲು ಅವನು, ಮುಂದಿನದು ನಾವು ಮೂವರು. ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಮ್ಮ ಸಾಲು. ಮೂವರೂ ಒಂದೇ ಮೈಕಿನ ಸುತ್ತ ನಿಂತು ಹಾಡಿದೆವು. ಯಾರ ಧ್ವನಿ ಜಾಸ್ತಿಯೋ ಅವನು ಒಂದು ಹೆಜ್ಜೆ ಹಿಂದೆ. ಮಿಕ್ಸಿಂಗ್ ಅಲ್ಲೇ ಮುಗಿಯಿತು. ನಮ್ಮ ಮೂವರಿಗೂ ಶ್ರುತಿ ಅಷ್ಟಕ್ಕಷ್ಟೆ. ಒಟ್ಟಿಗೆ ಹಾಡಿದಾಗ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡವು.

ಎರಡನೇ ವಾರ ಅಡಿಕೆ ರೇಟು ಏರಿತು. ಡ್ರಮ್ಸ್‌ನವನ ಮಾವ ಬೆಳಿಗ್ಗೆ ಜೀಪು ತಂದು ಅಟ್ಟದ ಮೂಟೆಗಳನ್ನೆಲ್ಲ ಇಳಿಸಿಕೊಂಡು ಹೋದರು. ಅವರ ಅಡಿಕೆ, ಅವರ ದುಡ್ಡು, ನಾವೇನು ಹೇಳುವುದು? ಸಂಜೆ ಹೆಡ್‌ಫೋನ್ ಹಾಕಿದರೆ ಪುಷ್ಯ ಮಳೆ ನೇರ ಕಿವಿಯೊಳಗೇ ಹುಯ್ಯುತ್ತಿತ್ತು. ಇನ್ನೂ ನಾಲ್ಕು ಹಾಡು ಬಾಕಿ. ಮಳೆ ಸದ್ದು ಹಾಗೇ ಇರಲಿ, ಚಂದ ಇದೆ ಅಂದ ಬೇಸ್‌ನವನು. ಒಂದು ಹಾಡಿನಲ್ಲಿ ಚಂದ. ನಾಲ್ಕರಲ್ಲಿ ರೇಡಿಯೋ ಸ್ಟೇಷನ್ ಸಿಗದ ಹಾಗೆ ಕೇಳುತ್ತದೆ. ಮಳೆ ಹೊಳವಾಗುವುದನ್ನೇ ಕಾದು ಕೂತೆವು. ಹೊಳವು ಅಂದರೆ ಐದು ನಿಮಿಷ, ಪುಣ್ಯ ಮಾಡಿದ್ದರೆ ಹತ್ತು. ಅಜ್ಜಿ ಅಂಗಳಕ್ಕೆ ಇಣುಕಿ "ಹೊಳವಾತು, ಪದ ಹೇಳ್ರಾ" ಅಂತ ಕೂಗುತ್ತಿದ್ದರು. ನಾವು ಓಡುತ್ತಿದ್ದೆವು. ನಮ್ಮ ಹಳೆ ಹಾಡುಗಳು ಏಳು ನಿಮಿಷದವು, ಅದರಲ್ಲಿ ಎರಡು ನಿಮಿಷ ನನ್ನ ಸೋಲೋ. ಹೊಳವಿಗೆ ಏಳು ನಿಮಿಷದ ಹಾಡು ಕೂರುವುದಿಲ್ಲ. ಸೋಲೋ ತೆಗೆದೆ. ಎಲ್ಲ ಮೂರೂವರೆ ನಿಮಿಷಕ್ಕೆ ಇಳಿದವು. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಮಿಕ್ಸಿಂಗ್ ಶಿವಮೊಗ್ಗದಲ್ಲಿ ನನ್ನ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ಅದರ ಬಗ್ಗೆ ಒಂದೇ ಮಾತು. ನಮ್ಮ ಹಳೆ ಸಿ.ಡಿ.ಯನ್ನು ಮೀಟರಿಗೆ ಹಾಕಿದರೆ ಮೈನಸ್ 7 ಎಲ್‌ಯುಎಫ್‌ಎಸ್. ಇದು ಸದ್ದಿನ ಜೋರು ಅಳೆಯುವ ಲೆಕ್ಕ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಅಂದರೆ ಗೋಡೆ, ಏರಿಳಿತವೇ ಇಲ್ಲ. ಸ್ಪಾಟಿಫೈ ಹೇಗೂ ಎಲ್ಲವನ್ನೂ ಮೈನಸ್ 14ರ ಆಸುಪಾಸಿಗೆ ತರುತ್ತದೆ. ಜೋರು ಮಾಡಿದ್ದಕ್ಕೆ ಸಿಗುವುದು ಒಡೆದ ಸದ್ದು ಮಾತ್ರ. ಮೆಟಾಲಿಕಾದ 2008ರ ಆಲ್ಬಂ ಸಿ.ಡಿ.ಗಿಂತ ವಿಡಿಯೋ ಗೇಮಿನಲ್ಲಿ ಬಂದ ಪ್ರತಿಯೇ ಚೆನ್ನಾಗಿದೆ ಅಂತ ಅಭಿಮಾನಿಗಳು ಜಗಳ ತೆಗೆದದ್ದು ಇದೇ ಕಾರಣಕ್ಕೆ. ನಾವು ಮೈನಸ್ 14ಕ್ಕೇ ನಿಲ್ಲಿಸಿದೆವು. ಆಮೇಲೆ ಮೊಬೈಲ್ ಸ್ಪೀಕರಿನಲ್ಲಿ, ಗೆಳೆಯನ ಓಮ್ನಿಯಲ್ಲಿ ಕೇಳಿ ಬೇಸ್ ಸ್ವಲ್ಪ ತಿದ್ದಿದೆವು.

ಆಲ್ಬಂ ಬಂದ ಮೇಲೆ ಊರಿನಲ್ಲೇ ಒಂದು ಸಣ್ಣ ಹಾಲ್ ಹಿಡಿದು ಹಾಡಿದೆವು. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿದ್ದ ವಾರ ಅದು. ಅರ್ಧ ಊರು ಹೊಳೆ ನೋಡಲು ಹೋಗಿತ್ತು. ನಮಗೆ ಬಂದವರು ಅರವತ್ತು ಜನ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ, ಕಪ್ಪು ಟೀಶರ್ಟು, ಕೈ ಕಟ್ಟಿ ನಿಂತವನು ಕೊನೆವರೆಗೂ ಬಿಚ್ಚಲಿಲ್ಲ. ಮುಗಿದ ಮೇಲೆ ಹತ್ತಿರ ಬಂದ. "ಅಣ್ಣಾ, ನಿಮ್ಮ ಹಳೆ ಸಿ.ಡಿ. ಕೇಳಿ ನಾನು ಗಿಟಾರ್ ತಗೊಂಡೆ" ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಆ ಪೆಡಲ್ ಇನ್ನೂ ಇದೆಯಾ?"

ಇತ್ತು. ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ. ಮರುದಿನ ಬಂದು ತಗೊಂಡು ಹೋದ. ಅವನ ಬ್ಯಾಂಡಿನವರು ವಿನೋಬನಗರದ ಒಂದು ಗ್ಯಾರೇಜಿನಲ್ಲಿ ಪ್ರ್ಯಾಕ್ಟೀಸ್ ಮಾಡುತ್ತಾರೆ. ಪಕ್ಕದ ಮನೆಯವರು ಎರಡು ಸಲ ಬಂದು ಗಲಾಟೆ ಮಾಡಿದ್ದಾರಂತೆ. ಗೋಡೆಗೆ ಸ್ಪಂಜು ಅಂಟಿಸಿದರೆ ಸಾಕಾ ಅಂತ ಮೊನ್ನೆ ಫೋನ್ ಮಾಡಿದ್ದ.